ಡಿಸೆಂಬರ್ ಕೊನೆಗೆ ಸಾಗರದ ಕಡೆ ಟೆಂಟ್ ಹಾಕುತ್ತಿದ್ದೇವೆ, ಇಂಬಳ-ಸೊಳ್ಳೆಗೆ ಏನು ತಗೊಂಡು ಹೋಗಲಿ?

ಟೆಂಟಮ್ಮ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 27ರಿಂದ ನಾಲ್ಕು ರಾತ್ರಿ ಸಾಗರ ತಾಲ್ಲೂಕಿನಲ್ಲಿ ನಮ್ಮ ಯಜಮಾನರ ಚಿಕ್ಕಪ್ಪನ ತೋಟದ ಹತ್ತಿರ ಟೆಂಟ್ ಹಾಕಿಕೊಂಡು ಇರುವ ಪ್ಲಾನ್ ಇದೆ. ಮನೆಯಲ್ಲೇ ಮಲಗಿ ಅಂತ ಅವರು ಹೇಳಿ ಹೇಳಿ ಸುಸ್ತಾದರು. ನಮ್ಮ 8 ವರ್ಷದ ಮಗಳು ಕೇಳುತ್ತಿಲ್ಲ, ಟೆಂಟೇ ಬೇಕಂತೆ. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದೆ. ಚಿಕ್ಕಪ್ಪ ಫೋಟೋ ಕಳಿಸಿದ್ದರು, ಮರದ ಕೆಳಗೆ ಒಣಗಿದ ಎಲೆ ಹಾಸಿಗೆ ಹಾಸಿದ ಹಾಗೆ ಬಿದ್ದಿದೆ, ನೋಡಿದರೇ ಮಲಗೋಣ ಅನ್ನಿಸುತ್ತೆ. ಅಲ್ಲೇ ಜಾಗ ಗೊತ್ತು ಮಾಡಿಕೊಂಡಿದ್ದೇವೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಆಗಸ್ಟ್‌ನಲ್ಲಿ ಆಗುಂಬೆ ಕಡೆ ಹೋಗಿದ್ದಾಗ ನನ್ನ ಒಂದು ಕಾಲಿಗೇ 14 ಇಂಬಳ ಹತ್ತಿದ್ದವು, ಎಣಿಸಿದ್ದೇನೆ. ಬಿಳಿ ಕಾಲುಚೀಲ ಕೆಂಪಾಗಿ, ಮಗಳು ನನಗಿಂತ ಜಾಸ್ತಿ ಅತ್ತಳು. ಸೊಳ್ಳೆಗೆ ಅಂತ ಕೈಗೆ ಕಟ್ಟುವ ಪಟ್ಟಿ ತಗೊಂಡಿದ್ದೆ, ನಿಂಬೆಹುಲ್ಲಿನ ವಾಸನೆಯದ್ದು. ಸೊಳ್ಳೆ ಬಂದು ಆ ಪಟ್ಟಿಯ ಪಕ್ಕದಲ್ಲೇ ಕೂತು ಕಚ್ಚಿತು! ಈ ಸಲ ಹಾಗಾಗಬಾರದು ಅಂತ ಪಟ್ಟಿ ಮಾಡಿಟ್ಟಿದ್ದೇನೆ: ಉಪ್ಪು ಒಂದು ಕೆಜಿ, ನಶ್ಯ, ಸೊಳ್ಳೆ ಬತ್ತಿ ಎರಡು ಪ್ಯಾಕೆಟ್ (ಟೆಂಟ್ ಒಳಗೆ ಹಚ್ಚಬಹುದಾ?), ಓಡೋಮಾಸ್, ಮತ್ತೆ ಫೋನಿನಲ್ಲಿ ಕೀಂ ಅಂತ ಸದ್ದು ಮಾಡಿ ಸೊಳ್ಳೆ ಓಡಿಸುವ ಒಂದು ಆ್ಯಪ್. ಇನ್ನೇನಾದರೂ ಬೇಕಾ? ಮಗುಗೆ ಹಚ್ಚಬಹುದಾದ್ದು ಯಾವುದು? ಹೋಗಿ ಬಂದ ಅನುಭವ ಇರುವವರು ದಯವಿಟ್ಟು ಹೇಳಿ.

ದರಕು ಗುಡಿಸುವವ

ಮೇಡಂ, ನಾನು ಅದೇ ಕಡೆಯವನು. ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಂಬಳ ಬಿಟ್ಟುಬಿಡಿ. ಅದು ಜೂನ್‌ನಿಂದ ಮಳೆ ನಿಲ್ಲುವವರೆಗಿನ ಕಥೆ, ಡಿಸೆಂಬರ್ ಕೊನೆಗೆ ಹಳ್ಳದ ಬದಿ, ಸದಾ ಒದ್ದೆ ಇರುವ ಜಾಗ ಬಿಟ್ಟರೆ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಒಂದು ಕೆಜಿ ಉಪ್ಪನ್ನು ಚಿಕ್ಕಮ್ಮನಿಗೆ ಕೊಡಿ, ಅಪ್ಪೆಮಿಡಿ ಹಾಕುವಾಗ ಬೇಕಾಗುತ್ತೆ.

ನೀವು ಕೇಳದೇ ಇರುವುದು ಉಣುಗಿನ ವಿಷಯ. ದನದ ಮೈಯಲ್ಲಿ ಕಚ್ಚಿಕೊಂಡಿರುತ್ತಲ್ಲ ಉಣ್ಣೆ, ಅದೇ ಜಾತಿ. ನಮ್ಮ ಕಡೆ ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು, ಅದಕ್ಕೇ ಕಾಯಿಲೆಗೆ ಪ್ರಪಂಚದಲ್ಲೆಲ್ಲ ಆ ಊರಿನ ಹೆಸರೇ. 2018ರ ಡಿಸೆಂಬರ್‌ನಿಂದ ಮುಂದಿನ ಬೇಸಿಗೆವರೆಗೆ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಯಿಂದ ಏನಾಯಿತು ಅಂತ ನಿಮ್ಮ ಚಿಕ್ಕಪ್ಪನನ್ನೇ ಕೇಳಿ, ಅವರು ಹೇಳುತ್ತಾರೆ. ದೊಡ್ಡ ಉಣುಗಿಗಿಂತ ಅದರ ಮರಿ ಅಪಾಯ. ಅದು ಏಳುವ ಕಾಲ ಯಾವುದು ಗೊತ್ತಾ? ಮಳೆ ನಿಂತು ಎಲೆ ಒಣಗಿದ ಮೇಲೆ. ನವೆಂಬರ್-ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಅದು ಇರುವ ಜಾಗ? ನೀವು ಮಲಗೋಣ ಅಂತಿದ್ದೀರಲ್ಲ, ಅದೇ ಒಣಗಿದ ಎಲೆ. ನಾವು ದರಕು ಅನ್ನುತ್ತೇವೆ. ಕೊಟ್ಟಿಗೆಗೆ ದರಕು ಗುಡಿಸಿ ತರಲು ಬೆಟ್ಟಕ್ಕೆ ಹೋದವರಿಗೇ ಈ ಕಾಯಿಲೆ ಬರುವುದು ಜಾಸ್ತಿ.

ಅದಕ್ಕೆ ಮೊದಲನೇ ಕೆಲಸ, ಟೆಂಟಿನ ಜಾಗ ಬದಲಾಯಿಸಿ. ಬೆಟ್ಟ ಬೇಡವೇ ಬೇಡ. ಮನೆ ಎದುರಿನ ಅಡಿಕೆ ಒಣಗಿಸುವ ಅಂಗಳ ಇರುತ್ತಲ್ಲ, ಸಗಣಿ ಸಾರಿಸಿದ್ದೋ ಸಿಮೆಂಟಿನದ್ದೋ, ಅದರ ಒಂದು ಮೂಲೆ ಕೇಳಿ. ಡಿಸೆಂಬರ್‌ನಲ್ಲಿ ಕೊಯ್ಲು ಇರುತ್ತೆ, ಅಡಿಕೆ ಹರಡಿದ್ದರೆ ಜಾಗ ಸಿಗುವುದು ಕಷ್ಟ, ಅದು ನಿಮ್ಮ ನಿಮ್ಮ ಮಾತುಕತೆ.

ಇನ್ನೊಂದು ಮಾತು. ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿದೆ ಅಂತ ಸುದ್ದಿ ಇದ್ದರೆ ಆ ಕಡೆ ತಲೆ ಹಾಕಬೇಡಿ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ನೆಲಕ್ಕೆ ಇಳಿಯುತ್ತೆ. ಸತ್ತ ಮಂಗ ಕಂಡರೆ ಮುಟ್ಟದೆ ಪಂಚಾಯ್ತಿಗೋ ಆರೋಗ್ಯ ಕೇಂದ್ರಕ್ಕೋ ಹೇಳಬೇಕು.

ಕವಳದ ಸಂಚಿ

ಉಪ್ಪು, ನಶ್ಯ ಎಲ್ಲಾ ಪೇಟೆಯವರ ಸಾಮಾನು 😄 ನಮ್ಮಜ್ಜ ಇಂಬಳ ಹತ್ತಿದರೆ ಬಾಯಲ್ಲಿದ್ದ ಕವಳದ ರಸ ಗುರಿಯಿಟ್ಟು ಉಗಿಯುತ್ತಿದ್ದರು, ತಂಬಾಕು ಸುಣ್ಣ ಎರಡೂ ಅದರಲ್ಲೇ ಇತ್ತಲ್ಲ, ಇಂಬಳ ಸುರುಟಿಕೊಂಡು ಬಿದ್ದುಹೋಗುತ್ತಿತ್ತು. ಗಾಯದ ಮೇಲೆ ಬೀಡಿ ಕಟ್ಟಿನ ತೆಳು ಕಾಗದ ಒಂದು ಚೂರು ಅಂಟಿಸಿದರೆ ರಕ್ತ ನಿಂತಿತು ಅಂತ ಲೆಕ್ಕ. ಮಳೆಗಾಲದಲ್ಲಿ ಶಾಲೆಗೆ ಬರುವ ಅರ್ಧ ಮಕ್ಕಳ ಕಾಲಲ್ಲಿ ಆ ಕಾಗದದ ಚೂರು ಇರುತ್ತಿತ್ತು.

ಉಣುಗಿನ ವಿಷಯದಲ್ಲಿ ಮಾತ್ರ ಮೇಲಿನವರು ಹೇಳಿದ್ದೇ ಸರಿ, ಅದರಲ್ಲಿ ತಮಾಷೆ ಇಲ್ಲ.

ಟೆಂಟಮ್ಮ

ಅಯ್ಯೋ, ಕೈಕಾಲು ತಣ್ಣಗಾಯಿತು. ಮಂಗನ ಕಾಯಿಲೆ ಹೆಸರು ಪೇಪರಿನಲ್ಲಿ ಓದಿದ್ದೆ, ಮಂಗ ಕಚ್ಚಿದರೆ ಬರುತ್ತೆ ಅಂದುಕೊಂಡಿದ್ದೆ, ನಾಚಿಕೆ ಆಗುತ್ತಿದೆ. ಹೋಗುವುದೇ ಬೇಡ್ವಾ ಹಾಗಾದರೆ? ಲಸಿಕೆ ಏನಾದರೂ ಇದೆಯಾ?

ಅಡ್ಡಗಾಲು

ಸುಮ್ನೆ ಯಾಕೆ ಹೆದರಿಸುತ್ತೀರಿ ಸ್ವಾಮಿ. ನಾನು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಕಡೆ, ಬರಿಗಾಲಲ್ಲಿ ಬೆಟ್ಟ ಸುತ್ತಿದವರು ನಾವು, ಒಂದು ದಿನ ಜ್ವರ ಬಂದಿಲ್ಲ. ಈಗಿನವರಿಗೆ ಹುಲ್ಲು ಮುಟ್ಟಿದರೂ ಡಾಕ್ಟರ್ ಬೇಕು. ಆರಾಮಾಗಿ ಹೋಗಿ ಬನ್ನಿ ಮೇಡಂ.

ದರಕು ಗುಡಿಸುವವ

ಅಡ್ಡಗಾಲು ಅವರೇ, ನಿಮಗೆ ಬರಲಿಲ್ಲ, ಸಂತೋಷ. ನಮ್ಮ ಊರಲ್ಲಿ ಬಂದವರಿದ್ದಾರೆ. ಎರಡು ಮನೆ ಆಚೆಗಿನ ದೊಡ್ಡಮ್ಮ ಒಬ್ಬರು ಮೂರು ವಾರ ಮಣಿಪಾಲದಲ್ಲಿದ್ದು ಎದ್ದು ಬಂದರು. ಆಮೇಲೆ ಒಂದು ವರ್ಷ ಅವರ ಕೈಲಿ ಒಂದು ಹೊರೆ ಹುಲ್ಲು ಎತ್ತಲು ಆಗಲಿಲ್ಲ. ಕಾಯಿಲೆ ಬಂದ ನೂರರಲ್ಲಿ 3ರಿಂದ 5 ಜನ ಉಳಿಯುವುದಿಲ್ಲ. ಎಲ್ಲಾ ಉಣುಗಿನಲ್ಲೂ ವೈರಸ್ ಇರಲ್ಲ, ಎಲ್ಲಾ ವರ್ಷ ಎಲ್ಲಾ ಊರಲ್ಲೂ ಬರಲ್ಲ, ಅದು ನಿಜ. ಆದರೆ ಯಾವ ಉಣುಗಿನಲ್ಲಿದೆ ಅಂತ ಅದರ ಹಣೆಮೇಲೆ ಬರೆದಿರುವುದಿಲ್ಲ ಅಲ್ವಾ.

ಮೇಡಂ, ಮೊದಲು ಒಂದು ಲಸಿಕೆ ಕೊಡುತ್ತಿದ್ದರು, ಅದು ಅಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಿಂದೀಚೆಗೆ ನಿಲ್ಲಿಸಿದ್ದಾರೆ. ಹೋಗಬೇಡಿ ಅಂತ ನಾನು ಹೇಳಲ್ಲ, ನಾವೆಲ್ಲ ಅಲ್ಲೇ ಇದ್ದೇವಲ್ಲ. ಹೋಗುವ ವಾರ ಚಿಕ್ಕಪ್ಪನಿಗೆ ಫೋನ್ ಮಾಡಿ ಆಶಾ ಕಾರ್ಯಕರ್ತೆಯನ್ನು ಕೇಳಲು ಹೇಳಿ. ಈ ಸಲ ಸುತ್ತಮುತ್ತ ಕೇಸ್ ಇದೆಯಾ, ಮಂಗ ಸತ್ತಿದೆಯಾ, ಅವರಿಗೆ ಗೊತ್ತಿರುತ್ತೆ. ಹಾಗೇ ಡೆಪಾ ಎಣ್ಣೆ ಒಂದು ಬಾಟಲಿ ತೆಗೆದಿಡಲು ಹೇಳಿ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರೇ ನಮ್ಮ ಕಡೆ ಪುಕ್ಕಟೆ ಕೊಡುತ್ತಾರೆ.

ಹಳೇ ಬೂಟು

ನಾನು ವನ್ಯಜೀವಿ ಸರ್ವೆಗಳಲ್ಲಿ ಕೆಲಸ ಮಾಡಿದವನು. ಒಟ್ಟು ಲೆಕ್ಕ ಹಾಕಿದರೆ ಎರಡು ವರ್ಷದ ಮೇಲೆ ಟೆಂಟಿನಲ್ಲೇ ಮಲಗಿದ್ದೇನೆ, ಜಾಸ್ತಿ ಪಶ್ಚಿಮ ಘಟ್ಟದಲ್ಲಿ, ಸ್ವಲ್ಪ ದಿನ ಬಂಡೀಪುರದ ಕಡೆ ಒಣ ಕಾಡಲ್ಲಿ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಎಲ್ಲರೂ ಮೊದಲು ಏನು ಹಚ್ಚಲಿ ಅಂತ ಕೇಳುತ್ತಾರೆ. ಹಚ್ಚುವುದು ಮೂರನೇ ಕೆಲಸ. ಎಲ್ಲಿ ಕೂರುತ್ತೀರಿ ಅನ್ನುವುದು ಮೊದಲು, ಏನು ಹಾಕಿಕೊಂಡಿದ್ದೀರಿ ಅನ್ನುವುದು ಎರಡನೆಯದು. ನಾಲ್ಕನೆಯದು ಎಲ್ಲದಕ್ಕಿಂತ ಮುಖ್ಯ, ಮಲಗುವ ಮುಂಚೆ ಮೈ ನೋಡಿಕೊಳ್ಳುವುದು. ಅದನ್ನು ಯಾರೂ ಮಾಡಲ್ಲ, ಯಾಕಂದರೆ ಅಂಗಡಿಯಲ್ಲಿ ಸಿಗಲ್ಲ.

ಬಟ್ಟೆ ಬಗ್ಗೆ. ತಿಳಿ ಬಣ್ಣದ, ಸಡಿಲವಾದ, ಉದ್ದ ತೋಳು ಉದ್ದ ಕಾಲಿನ ಬಟ್ಟೆ. ತಿಳಿ ಬಣ್ಣ ಯಾಕೆಂದರೆ ಉಣುಗು ಹತ್ತುವುದು ಕಾಣಬೇಕು, ಮತ್ತೆ ಕಪ್ಪು-ಕಡುನೀಲಿಗೆ ಸೊಳ್ಳೆ ಬರುವುದೂ ಜಾಸ್ತಿ. ಸಡಿಲ ಯಾಕೆಂದರೆ ಲೆಗ್ಗಿಂಗ್ಸ್ ತರಹ ಮೈಗೆ ಅಂಟುವ ಬಟ್ಟೆಯ ಮೇಲಿಂದಲೇ ಸೊಳ್ಳೆ ಸೂಜಿ ಚುಚ್ಚುತ್ತೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ, ಅಂಗಿಯನ್ನು ಪ್ಯಾಂಟಿನ ಒಳಗೆ. ನೋಡಲು ಕೋಡಂಗಿ ಥರ ಇರುತ್ತೆ, ಇರಲಿ. ಉಣುಗು ಹಾರಲ್ಲ, ನೆಗೆಯಲ್ಲ. ಎಲೆ-ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತೆ, ತಾಗಿದ್ದಕ್ಕೆ ಹತ್ತಿಕೊಂಡು ಮೇಲಕ್ಕೆ ನಡೆಯುತ್ತೆ. ದಾರಿಯಲ್ಲಿ ಬರೀ ಬಟ್ಟೆಯೇ ಇದ್ದರೆ ಅದು ಕುತ್ತಿಗೆವರೆಗೆ ಬರುವಷ್ಟರಲ್ಲಿ ನಿಮಗೆ ಕಾಣುವ ಚಾನ್ಸ್ ಇದೆ.

ಗಾತ್ರ ಹೇಳುತ್ತೇನೆ, ಯಾಕಂದರೆ ಎಲ್ಲರೂ ನಾಯಿ ಕಿವಿಯಲ್ಲಿ ಹಲಸಿನ ಬೀಜದ ಹಾಗೆ ಊದಿಕೊಂಡದ್ದನ್ನು ಹುಡುಕುತ್ತಾರೆ. ಕಚ್ಚುವ ಮರಿ ಒಂದು ರಾಗಿ ಕಾಳಿನಷ್ಟು. ಅದಕ್ಕೂ ಚಿಕ್ಕದು, ಆಗಷ್ಟೇ ಮೊಟ್ಟೆಯಿಂದ ಬಂದದ್ದು, ಗಸಗಸೆಯಷ್ಟು. ಒಂದೇ ಎಲೆಯ ತುದಿಯಲ್ಲಿ ನೂರಾರು ಗುಂಪಾಗಿ ಇರುತ್ತವೆ. ಒಂದು ಸಲ ನನ್ನ ಮೊಣಕಾಲಿನ ಹತ್ತಿರ ಪ್ಯಾಂಟಿಗೆ ಕಂದು ಧೂಳು ಮೆತ್ತಿದೆ ಅಂದುಕೊಂಡೆ. ಕೊಡವಲು ಹೋದರೆ ಧೂಳು ನಾಲ್ಕೂ ಕಡೆಗೆ ನಡೆಯಲು ಶುರು ಮಾಡಿತು. ಕೈಯಿಂದ ಒರೆಸಬೇಡಿ, ಕೈಗೆ ಹತ್ತುತ್ತೆ. ಅಗಲದ ಸೆಲೋಟೇಪನ್ನು ಅಂಟು ಹೊರಗೆ ಬರುವ ಹಾಗೆ ಬೆರಳಿಗೆ ಸುತ್ತಿಕೊಂಡು ಬಟ್ಟೆಯ ಮೇಲೆ ಒತ್ತಿ ಒತ್ತಿ ಎತ್ತಿ. ನನ್ನ ಚೀಲದಲ್ಲಿ ಚಾಕು ಇಲ್ಲದಿದ್ದರೂ ಟೇಪ್ ಇರುತ್ತೆ.

ಸಂಜೆ ಟೆಂಟಿಗೆ ಬಂದ ಮೇಲೆ ಹೊರಗಡೆಯ ಬಟ್ಟೆಯಲ್ಲಿ ಒಳಗೆ ಹೋಗಬೇಡಿ. ಬಿಚ್ಚಿ ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಮನೆಯಲ್ಲಿ ಕುದಿಯುವ ನೀರಿಗೆ ಹಾಕಿ. ಆಮೇಲೆ ಟಾರ್ಚ್ ಹಿಡಿದು ಮೈ ನೋಡಿ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಹೊಕ್ಕುಳು, ಸೊಂಟದ ಪಟ್ಟಿ ಕೂರುವ ಜಾಗ, ಕಿವಿಯ ಹಿಂದೆ, ಕೂದಲಿನ ಅಂಚು. ಮಗುವಿನ ತಲೆಯನ್ನು ಹೇನು ನೋಡುವ ಹಾಗೆ ಬೈತಲೆ ತೆಗೆದು ನೋಡಬೇಕು. ಬಿಸಿನೀರಿನ ಸ್ನಾನ, ಸೋಪು, ಒರಟು ಟವೆಲ್. ನಿಮಗೆ ಪಕ್ಕದಲ್ಲೇ ಬಚ್ಚಲ ಹಂಡೆ ಇದೆ, ನಮಗೆ ಅದೂ ಇರುತ್ತಿರಲಿಲ್ಲ!

ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬಿಡುವುದು, ಬೆಂಕಿಕಡ್ಡಿ ತಾಗಿಸುವುದು, ನೇಲ್ ಪಾಲಿಶ್ ಬಳಿಯುವುದು ಯಾವುದೂ ಬೇಡ. ಆ ಹಿಂಸೆಗೆ ಅದು ಹೊಟ್ಟೆಯಲ್ಲಿರುವುದನ್ನು ನಮ್ಮ ಗಾಯಕ್ಕೇ ಕಕ್ಕಬಹುದು. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನಿಧಾನಕ್ಕೆ ನೇರ ಮೇಲಕ್ಕೆ ಎಳೆಯಿರಿ. ಹೊಟ್ಟೆ ಹಿಚುಕಬೇಡಿ, ಬೆರಳಲ್ಲಿ ಜಜ್ಜಬೇಡಿ. ಸೋಪಿನಲ್ಲಿ ತೊಳೆಯಿರಿ. ಕಿತ್ತದ್ದನ್ನು ಟೇಪಿನ ಮಧ್ಯೆ ಅಂಟಿಸಿ ಮೇಲೆ ತಾರೀಖು ಬರೆದಿಡಿ.

ಟೆಂಟ್ ಒಳಗೆ ಸೊಳ್ಳೆಬತ್ತಿ ಕೇಳಿದ್ದೀರಿ. ಖಂಡಿತ ಬೇಡ. ನೈಲಾನ್ ಬಟ್ಟೆ, ಪಕ್ಕದಲ್ಲಿ ಮಲಗುವ ಚೀಲ, ಗಾಳಿಯಾಡದ ಜಾಗ, ಮಗು. ಹೊಗೆಗೂ ಕಷ್ಟ, ಬೆಂಕಿಗೂ ಸುಲಭ. ಜಿಪ್ ಮುಚ್ಚಿಟ್ಟರೆ ಬತ್ತಿ ಯಾಕೆ ಬೇಕು? ಹೊತ್ತು ಮುಳುಗುವ ಅರ್ಧ ಗಂಟೆ ಮುಂಚೆಯೇ ಮುಚ್ಚಿ, ಒಳಗೆ ಹೋಗುವಾಗ ದೀಪ ಆರಿಸಿ ಒಬ್ಬೊಬ್ಬರೇ ಬೇಗ ನುಗ್ಗಿ. ಒಳಗೆ ಸೇರಿಕೊಂಡ ಒಂದೆರಡನ್ನು ಟಾರ್ಚ್ ಬೆಳಕಲ್ಲಿ ಹೊಡೆಯುವುದು ಮಕ್ಕಳಿಗೆ ಒಳ್ಳೆ ಆಟ.

ಮಾತ್ರೆ ಡಬ್ಬಿ

ಔಷಧಿ ಅಂಗಡಿ ನಡೆಸುತ್ತೇನೆ, ಹಚ್ಚುವುದರ ಬಗ್ಗೆ ನಾನು ಹೇಳುತ್ತೇನೆ.

ಆ್ಯಪ್ ಅಳಿಸಿಬಿಡಿ. ಸದ್ದಿಗೆ ಸೊಳ್ಳೆ ಓಡಲ್ಲ. ಕೈಪಟ್ಟಿ ನೀವೇ ನೋಡಿದ್ದೀರಿ. ನಿಂಬೆಹುಲ್ಲಿನ ಎಣ್ಣೆ ಬೇಗ ಆರಿಹೋಗುತ್ತೆ, ಪಟ್ಟಿ ಕಟ್ಟಿದ ಜಾಗ ಬಿಟ್ಟು ನಾಲ್ಕು ಬೆರಳು ಆಚೆ ಅದರ ಹಂಗು ಸೊಳ್ಳೆಗಿಲ್ಲ. ಬೆಳ್ಳುಳ್ಳಿ ತಿನ್ನುವುದು, ಬಿ ವಿಟಮಿನ್ ಮಾತ್ರೆ ನುಂಗುವುದು, ಇವೂ ಅದೇ ಸಾಲಿಗೆ.

ಕೆಲಸ ಮಾಡುವುದು ಅಂದರೆ ಡೀಟ್, ಪಿಕಾರಿಡಿನ್ ಇಂಥ ರಾಸಾಯನಿಕ ಇರುವ ಕ್ರೀಮು, ಸ್ಪ್ರೇಗಳು. ಡೀಟ್ 20-30 ಪರ್ಸೆಂಟ್ ಇದ್ದರೆ ನಾಲ್ಕೈದು ಗಂಟೆ ಸಾಕು, ಬೆವರಿದರೆ ಬೇಗ ಮತ್ತೆ ಹಚ್ಚಬೇಕು. ಓಡೋಮಾಸ್‌ನಲ್ಲಿರುವುದು ಡೀಟ್ ಅಲ್ಲ, ಡೈಈಥೈಲ್ ಬೆಂಜಮೈಡ್ ಅಂತ ಬೇರೆ, ಸೊಳ್ಳೆಗೆ ಚೆನ್ನಾಗಿಯೇ ಇದೆ. ಆದರೆ ಉಣುಗಿಗೆ ಅದೊಂದನ್ನೇ ನಂಬಿ ಬೆಟ್ಟಕ್ಕೆ ಹೋಗಬೇಡಿ. ಮೇಲಿನವರು ಹೇಳಿದ ಡೆಪಾ ನಮ್ಮ ರಕ್ಷಣಾ ಸಂಶೋಧನೆಯವರ ಗ್ವಾಲಿಯರ್ ಲ್ಯಾಬಿನಲ್ಲಿ ತಯಾರಾದದ್ದು. ಸಿಕ್ಕರೆ ಬಿಡಬೇಡಿ.

8 ವರ್ಷದ ಮಗುಗೆ 30 ಪರ್ಸೆಂಟ್ ಒಳಗಿನ ಡೀಟ್ ಹಚ್ಚಬಹುದು. ಎರಡು ತಿಂಗಳ ಒಳಗಿನ ಕೂಸಿಗೆ ಮಾತ್ರ ಬೇಡ. ಮುಖಕ್ಕೆ ನೇರ ಸ್ಪ್ರೇ ಮಾಡಬೇಡಿ, ನಿಮ್ಮ ಅಂಗೈಗೆ ಹಾಕಿಕೊಂಡು ಕಣ್ಣು-ಬಾಯಿ ಬಿಟ್ಟು ಸವರಿ. ಮಗುವಿನ ಕೈಬೆರಳಿಗೆ ಹಚ್ಚಬೇಡಿ, ಅದು ಸೀದಾ ಬಾಯಿಗೆ ಹೋಗುತ್ತೆ. ಬಟ್ಟೆ ಒಳಗಿನ ಮೈಗೆ, ಗಾಯಕ್ಕೆ ಬೇಡ. ಬಿಸಿಲಿನ ಕ್ರೀಮ್ ಹಚ್ಚುವುದಿದ್ದರೆ ಅದು ಮೊದಲು, ಇದು ಮೇಲೆ. ಮಲಗುವ ಮುಂಚೆ ತೊಳೆದುಬಿಡಿ. ಇನ್ನೊಂದು, ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತೆ. ನನ್ನ ಕನ್ನಡಕದ ಕಡ್ಡಿಯ ಮೇಲೆ ಹೆಬ್ಬೆಟ್ಟಿನ ಗುರುತು ಹಾಗೇ ಅಚ್ಚೊತ್ತಿದೆ, ಆಧಾರ್ ಕಾರ್ಡಿಗೆ ಬೇಕಾದರೆ ಅದನ್ನೇ ಕೊಡಬಹುದು.

ದಯವಿಟ್ಟು ಒಂದು ಮಾಡಬೇಡಿ. ದನದ ಉಣ್ಣೆಗೆ ಹಾಕುವ ಔಷಧಿ ಹಳ್ಳಿ ಮನೆಯಲ್ಲಿ ಇದ್ದೇ ಇರುತ್ತೆ. ಅದನ್ನು ಬಟ್ಟೆಗೆ, ಟೆಂಟಿಗೆ, ಮೈಗೆ ಬಳಿದುಕೊಂಡು ಕಣ್ಣು ಉರಿ ಅಂತ ಬಂದವರನ್ನು ನೋಡಿದ್ದೇನೆ.

ಕಚ್ಚಿದ ಮೇಲೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಷನ್, ತುರಿಕೆ ತಡೆಯದಿದ್ದರೆ ಡಾಕ್ಟರನ್ನು ಕೇಳಿ ಸೆಟ್ರಿಜಿನ್. ಕೆರೆಯಬೇಡಿ ಅಂದರೆ ಮಕ್ಕಳು ಕೇಳಲ್ಲ, ಉಗುರು ಕತ್ತರಿಸಿ ಕರೆದುಕೊಂಡು ಹೋಗಿ. ಬಂದ ಮೇಲೆ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಕ್ಕೆ ಕಾಣಿಸಿಕೊಳ್ಳುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್ ಬ್ರೂಫೆನ್ ಬೇಡ, ಇದರಲ್ಲಿ ರಕ್ತ ಸೋರುವ ಅಪಾಯ ಇದೆ. ಬೆಂಗಳೂರಿನ ಡಾಕ್ಟರಿಗೆ ‘ಸಾಗರದ ಕಡೆ ಟೆಂಟಿನಲ್ಲಿದ್ದೆವು, ಉಣುಗು ಕಚ್ಚಿತ್ತು’ ಅಂತ ನೀವೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅವರು ಡೆಂಗಿ ಟೆಸ್ಟ್ ಬರೆದು ಕಳಿಸುತ್ತಾರೆ. ಕಂಕುಳಲ್ಲೋ ತೊಡೆಸಂದಿನಲ್ಲೋ ಸಿಗರೇಟಿನಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಂಡರೆ ಅದನ್ನೂ ತೋರಿಸಿ. ಅದು ಪೊದೆಯಲ್ಲಿರುವ ಇನ್ನೊಂದು ಸಣ್ಣ ಹುಳದ ಕಡಿತ, ಸ್ಕ್ರಬ್ ಟೈಫಸ್ ಅನ್ನುವ ಜ್ವರ ಇರಬಹುದು. ಅದಕ್ಕೆ ಬೇಗ ಗೊತ್ತಾದರೆ ಒಳ್ಳೆ ಔಷಧಿ ಇದೆ.

ಕುರಿಗಾರನ ಮಗ

ನಾನು ಬಾಗಲಕೋಟೆ ಕಡೆಯವ. ನೀವು ನಾಲ್ಕು ರಾತ್ರಿಗೆ ಇಷ್ಟು ಮಾತಾಡುತ್ತಿದ್ದೀರಿ, ನಮ್ಮ ಅಪ್ಪ ವರ್ಷದಲ್ಲಿ ಎಂಟು ತಿಂಗಳು ಹೊರಗೇ ಮಲಗಿದವರು 😄 ಟೆಂಟೂ ಇಲ್ಲ, ಒಂದು ಕಂಬಳಿ, ಒಂದು ಬಡಿಗೆ, ಸುತ್ತ ಕುರಿ.

ನಮ್ಮಲ್ಲಿ ಕುರಿ ಮೈಮೇಲೆ ಇರುವುದು ಎರಡೂ ಉಣ್ಣೆಯೇ. ಒಂದನ್ನು ಕತ್ತರಿಸಿ ಮಾರುತ್ತೇವೆ, ಇನ್ನೊಂದನ್ನು ಕಿತ್ತು ಕೆಂಡಕ್ಕೆ ಹಾಕುತ್ತೇವೆ. ಅಪ್ಪ ಜಾಗ ಹುಡುಕುವ ರೀತಿ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು. ಹಟ್ಟಿ ಹಾಕುವ ಹೊಲಕ್ಕೆ ಹೋದ ಕೂಡಲೇ ಸಾಮಾನು ಇಳಿಸಲ್ಲ. ಮೊದಲು ಒಂದು ಹಿಡಿ ಮಣ್ಣು ಮೇಲಿಂದ ಬಿಟ್ಟು ಗಾಳಿ ಯಾವ ಕಡೆ ಅಂತ ನೋಡುತ್ತಾರೆ. ಮಲಗುವುದು ನೇಗಿಲು ಹೊಡೆದ ಬರಿ ಮಣ್ಣಿನ ಮೇಲೆ, ಗಾಳಿ ಬರುವ ದಿಕ್ಕಿಗೆ. ಬದುವಿನ ಹುಲ್ಲಿನ ಮೇಲೆ ಎಷ್ಟೇ ಮೆತ್ತಗಿದ್ದರೂ ಮಲಗಲ್ಲ, ಜಾಲಿ ನೆರಳಲ್ಲೂ ಇಲ್ಲ, ಹಳೇ ಹಟ್ಟಿ ಇದ್ದ ಜಾಗದಲ್ಲಂತೂ ಇಲ್ಲವೇ ಇಲ್ಲ. ಅಲ್ಲಿ ಹೋದ ಸಲ ಉದುರಿದ ಉಣ್ಣೆ ಹಸಿದು ಕೂತಿರುತ್ತೆ ಅನ್ನುತ್ತಾರೆ. ನೀವೂ ದನ ಓಡಾಡುವ ದಾರಿ, ದನ ಮಲಗುವ ಮರದ ಕೆಳಗೆ ಟೆಂಟ್ ಹಾಕಬೇಡಿ.

ಗುಂಗಾಡಕ್ಕೆ, ಅಂದರೆ ನಿಮ್ಮ ಸೊಳ್ಳೆಗೆ, ಎರಡು ಕುಳ್ಳು ಹೊತ್ತಿಸಿ ಕೆಂಡ ಆದ ಮೇಲೆ ಹಸಿ ಬೇವಿನ ಸೊಪ್ಪು ಹಾಕಿ ಗಾಳಿಯ ಕಡೆ ಇಡುತ್ತಾರೆ. ನಮ್ಮ ಅಜ್ಜಿ ಲಕ್ಕಿ ಸೊಪ್ಪು ಹಾಕು ಅನ್ನುತ್ತಿದ್ದಳು. ಹೊಗೆ ಇರುವವರೆಗೆ ಕಡಿಮೆ, ನಡುರಾತ್ರಿ ಕೆಂಡ ಆರಿದ ಮೇಲೆ ಮತ್ತೆ ಶುರು. ಆಮೇಲೆ ಕಂಬಳಿ ಮುಸುಕು. ಕರಿ ಕಂಬಳಿ ಒಳಗೆ ಗುಂಗಾಡದ ಸೂಜಿ ಬರಲ್ಲ, ಆದರೆ ಉಸಿರೂ ಬರಲ್ಲ.

ಹಳೇ ಬೂಟು

ಕುರಿಗಾರರ ಮಗ ಹೇಳಿದ ದನದ ದಾರಿಯ ಮಾತು ನೂರಕ್ಕೆ ನೂರು ನಿಜ. ಮಂಗನ ಕಾಯಿಲೆಯ ಉಣುಗು ದೊಡ್ಡದಾದ ಮೇಲೆ ಹೊಟ್ಟೆ ತುಂಬಿಸಿಕೊಳ್ಳುವುದು ಹೆಚ್ಚಾಗಿ ದನದ ಮೇಲೇ. ಉದುರಿ ಮೊಟ್ಟೆ ಇಡುವುದು ದನ ತಿರುಗುವ ಜಾಗದಲ್ಲಿ. ಹೊಗೆ ಮಾತ್ರ ಕಾಡಿನ ಅಂಚಿನಲ್ಲಿ ಬೇಡ, ಡಿಸೆಂಬರ್‌ಗೆ ದರಕು ಒಣಗಿ ಹಪ್ಪಳ ಆಗಿರುತ್ತೆ, ಒಂದು ಕಿಡಿ ಸಾಕು. ಮೇಲಾಗಿ ಮರದ ಮೇಲೆ ಹೆಜ್ಜೇನು ಇದೆಯಾ ಅಂತ ನೋಡದೆ ಹೊಗೆ ಹಾಕಿದರೆ ಸೊಳ್ಳೆ ಕಡಿತವೇ ವಾಸಿ ಅನ್ನಿಸುತ್ತೆ. ಹೆಜ್ಜೇನು ಎದ್ದರೆ ಕೈ ಬೀಸುತ್ತಾ ನಿಲ್ಲಬೇಡಿ, ಮುಖ ಮುಚ್ಚಿಕೊಂಡು ಓಡಿ, ಮನೆಯೋ ಕಾರೋ ಸಿಕ್ಕರೆ ಒಳಗೆ ಸೇರಿ ಬಾಗಿಲು ಹಾಕಿ. ತುಂಬಾ ಕಡಿದಿದ್ದರೆ, ಅಥವಾ ಒಂದೇ ಕಡಿತಕ್ಕೆ ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆ.

ಸ್ಕಾಟ್ಲೆಂಡ್ ಕನ್ನಡಿಗ

ಗಾಳಿಯ ಮಾತಿಗೆ ನನ್ನದೂ ಒಂದು. ಇಲ್ಲಿ ಹೈಲ್ಯಾಂಡ್ಸ್‌ನಲ್ಲಿ ಬೇಸಿಗೆಯಲ್ಲಿ ಮಿಡ್ಜ್ ಅಂತ ಒಂದು ನೊರಜು, ಮೋಡ ಮುಚ್ಚಿದ, ಗಾಳಿಯಿಲ್ಲದ ಸಂಜೆ ಮೋಡದ ಹಾಗೆಯೇ ಬರುತ್ತೆ. ಗಾಳಿ ಗಂಟೆಗೆ 11 ಕಿಲೋಮೀಟರ್ ದಾಟಿತು ಅಂದರೆ ಹಾರಲು ಆಗದೆ ಮಾಯ. ಹಾಗಾಗಿ ಇಲ್ಲಿಯವರು ಹಳ್ಳದ ತಗ್ಗು ಬಿಟ್ಟು ದಿಣ್ಣೆಯ ಮೇಲೆ ಟೆಂಟ್ ಹಾಕುತ್ತಾರೆ, ಟೋಪಿಯ ಮೇಲಿಂದ ಕುತ್ತಿಗೆವರೆಗೆ ಬಲೆ ಹಾಕಿಕೊಂಡೇ ಟೀ ಕುಡಿಯುತ್ತಾರೆ. ಮೊದಲ ಸಲ ನಾನು ಸೊಳ್ಳೆಪರದೆ ಕಟ್ಟಿ ಬೀಗಿದ್ದೆ, ಅದರ ತೂತಿನಲ್ಲಿ ಮೆರವಣಿಗೆ ಮಾಡಿಕೊಂಡು ಬಂದವು. ಅದಕ್ಕೆ ಟೆಂಟ್ ಕೊಳ್ಳುವಾಗ ಜಾಲರಿ ಸಣ್ಣದಿದೆಯಾ ನೋಡಿ.

ಉಣುಗು ಇಲ್ಲೂ ಇದೆ. ಒಂದು ದಿನದೊಳಗೆ ಕಿತ್ತರೆ ಲೈಮ್ ಕಾಯಿಲೆ ಬರುವ ಸಂಭವ ಕಡಿಮೆ ಅಂತ ಇಲ್ಲಿ ಧೈರ್ಯ ಹೇಳುತ್ತಾರೆ. ಅದು ಬ್ಯಾಕ್ಟೀರಿಯಾದ ಲೆಕ್ಕ, ಆ ಲೆಕ್ಕವನ್ನು ಮಂಗನ ಕಾಯಿಲೆಗೆ ಹಾಕಿ ‘ನಾಳೆ ನೋಡಿದರಾಯಿತು’ ಅಂತ ಕೂರಬೇಡಿ.

ಟೆಂಟಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ‘ಆ ಬೆಟ್ಟದಲ್ಲಿ ನೀವು ನಿಜವಾಗಲೂ ಮಲಗುತ್ತೀರಿ ಅಂತ ನಾನು ಅಂದುಕೊಂಡೇ ಇರಲಿಲ್ಲ ಮಾರಾಯ್ತಿ, ಫೋಟೋ ಚಂದ ಬಂದಿದೆ ಅಂತ ಕಳಿಸಿದ್ದು’ ಅಂದರು. ಈ ವರ್ಷ ಸುತ್ತಮುತ್ತ ಇಲ್ಲಿಯವರೆಗೆ ಏನೂ ಇಲ್ಲವಂತೆ. ಅಂಗಳದಲ್ಲಿ ಅಡಿಕೆ ಹರಡಿದೆ, ಬಾವಿಕಟ್ಟೆ ಪಕ್ಕ ಜಾಗ ಕೊಡುತ್ತಾರಂತೆ. ಮಗಳಿಗೆ ಟೇಪ್ ಕೆಲಸ ವಹಿಸಿದ್ದೇನೆ, ಈಗಲೇ ಮನೆಯ ಸೋಫಾ ಮೇಲೆಲ್ಲ ಒತ್ತಿ ಎತ್ತುತ್ತಿದ್ದಾಳೆ.

ಟೆಂಟಮ್ಮ

ಹೋಗಿ ಬಂದೆವು. ಕೇಳಿದವರಿಗೆಲ್ಲ ಉತ್ತರ ಕೊಡಬೇಕು ಅಂತ ಬರೆಯುತ್ತಿದ್ದೇನೆ.

ಬಾವಿಕಟ್ಟೆ ಪಕ್ಕ ಹಾಕಿದ್ದು ಒಂದು ತಪ್ಪು. ನೀರು ಚೆಲ್ಲಿ ಒಂದು ಹಳೇ ಕಡಾಯಿಯಲ್ಲಿ ನಿಂತಿತ್ತು, ಅದರಲ್ಲಿ ಹುಳ ಕುಣಿಯುತ್ತಿದ್ದದ್ದು ಎರಡನೇ ದಿನ ಬೆಳಿಗ್ಗೆ ಕಂಡಿತು. ಮೊದಲ ರಾತ್ರಿ ಹೊರಗೆ ಕೂತ ಒಂದು ಗಂಟೆ ಸೊಳ್ಳೆಗೆ ಹಬ್ಬ. ಕಡಾಯಿ ಬೋರಲು ಹಾಕಿ, ಟೆಂಟನ್ನು ಗಾಳಿ ಬರುವ ಕಡೆ ಇಪ್ಪತ್ತು ಹೆಜ್ಜೆ ಸರಿಸಿದೆವು (ಮಣ್ಣು ಬಿಟ್ಟು ನೋಡಿದೆವು, ಕುರಿಗಾರರ ಮಗನಿಗೆ ನಮಸ್ಕಾರ). ಆಮೇಲೆ ಪರವಾಗಿಲ್ಲ. ನಾಲ್ಕು ರಾತ್ರಿ ಒಂದು ಬತ್ತಿಯನ್ನೂ ಹಚ್ಚಲಿಲ್ಲ. ಡೆಪಾ ಎಣ್ಣೆ ಸಿಕ್ಕಿತು, ವಾಸನೆಗೆ ಮಗಳು ಮೂಗು ಮುಚ್ಚಿಕೊಂಡಳು.

ಬೆಟ್ಟಕ್ಕೆ ಹೋಗಲ್ಲ ಅಂದಿದ್ದರೂ ಮೂರನೇ ದಿನ ಯಜಮಾನರು ಅವರ ತಮ್ಮನ ಜೊತೆ ಅಂಚಿನವರೆಗೆ ಹೋಗಿ ಬಂದರು, ‘ಹತ್ತೇ ನಿಮಿಷ’ ಅಂತ. ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಲು ನಾಚಿಕೆ, ತಮ್ಮ ನಗುತ್ತಾನಂತೆ. ರಾತ್ರಿ ಟಾರ್ಚ್ ಹಿಡಿದು ನೋಡಿದವಳು ಮಗಳೇ. ಅವರ ಎಡ ಮೊಣಕಾಲಿನ ಹಿಂದೆ ಒಂದು ರಾಗಿ ಕಾಳು. ನಾನು ಮಚ್ಚೆ ಅಂದೆ. ‘ಅಮ್ಮಾ, ಮಚ್ಚೆಗೆ ಕಾಲಿದೆ’ ಅಂದಳು. ಚಿಮಟದಲ್ಲಿ ನೇರ ಎಳೆದು ತೆಗೆದೆ, ಚರ್ಮ ಒಂದು ಚೂರು ಡೇರೆಯ ಹಾಗೆ ಮೇಲೆದ್ದು ಟಪ್ ಅಂತ ಬಿಟ್ಟುಕೊಂಡಿತು. ಟೇಪಿನಲ್ಲಿ ಅಂಟಿಸಿ ಡಿಸೆಂಬರ್ 29 ಅಂತ ಬರೆದು ಫ್ರಿಜ್ ಬಾಗಿಲಿಗೆ ಹಚ್ಚಿದ್ದೇನೆ. ಇವತ್ತಿಗೆ ಒಂಬತ್ತನೇ ದಿನ. ದಿನಾ ಬೆಳಿಗ್ಗೆ ಹಣೆ ಮುಟ್ಟಿ ನೋಡುತ್ತೇವೆ, ಜ್ವರ ಇಲ್ಲ. ಎರಡು ವಾರ ಅಂದಿದ್ದೀರಲ್ಲ, ಅಲ್ಲಿಯವರೆಗೆ ಟೇಪ್ ತೆಗೆಯಲ್ಲ.

ಒಂದು ಪ್ರಶ್ನೆ. ಟೆಂಟನ್ನು ತೊಳೆಯಬೇಕಾ, ಬಿಸಿಲಿಗೆ ಹಾಕಿದರೆ ಸಾಕಾ?

ಹಳೇ ಬೂಟು

ಒಳಗಿನ ಮೂಲೆ, ಹೊಲಿಗೆ ಎಲ್ಲ ಕೊಡವಿ, ಟೇಪ್ ಹಾಕಿ ನೋಡಿ, ಎರಡು ಮಧ್ಯಾಹ್ನ ತಾರಸಿಯಲ್ಲಿ ಚೆನ್ನಾಗಿ ಒಣಗಿಸಿ ಮಡಿಸಿ. ಒದ್ದೆ ಇಟ್ಟರೆ ಬೂಷ್ಟು ಹಿಡಿಯುತ್ತೆ. ಮತ್ತೆ ಮಗಳಿಗೆ ಹೇಳಿ, ಮುಂದಿನ ಸರ್ವೆಗೆ ಕರೆದುಕೊಂಡು ಹೋಗುತ್ತೇನೆ, ನನ್ನ ಕಣ್ಣಿಗೆ ಈಗ ರಾಗಿ ಕಾಳು ಕಾಣುತ್ತಿಲ್ಲ.